ದೋಣಿಕಟ್ಟೆಯ ಮೇಲೆ ನಡೆದವಳು

ಬಡಗಿ ಮುಂಬಾಗಿಲಿನ ಕೆಳಗಿನ ಕೀಲಿಗೆ ಸ್ಕ್ರೂಡ್ರೈವರ್ ಆನಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ. ತುಕ್ಕು ಹಿಡಿದ ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಬಿಡಿ ಭಾವ, ನಾನು ತೆಗೀತೀನಿ," ಎಂದ ಬಾಮೈದ ಬಗ್ಗಿ ನಿಂತು. "ಇವತ್ತೊಂದು ದಿನ ನೀವು ಸುಮ್ನೆ ಕೂತ್ಕೊಳ್ಳಬಾರದಾ?"

"ಕೂರಿಸಿದ್ದು ನಾನು, ತೆಗೆಯೋದೂ ನಾನೇ. ನೀನು ಬಾಗಿಲು ಹಿಡ್ಕೋ, ಮೈಮೇಲೆ ಬಿದ್ದೀತು."

ಬೆಳಿಗ್ಗೆ ಪೆಟ್ಟಿಗೆಯನ್ನು ಒಳಗೆ ತಂದಾಗ ಅದು ಖಾಲಿಯಿತ್ತು. ಮುಂಬಾಗಿಲ ಹಿಂದಿನ ಓಣಿಯಂಥ ಇಕ್ಕಟ್ಟಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಓರೆ ಮಾಡಿ, ಹೇಗೋ ತೂರಿಸಿದ್ದರು. ಈಗ ಹಾಗೆ ನಿಲ್ಲಿಸುವಂತಿರಲಿಲ್ಲ. ಈಗ ಅದರಲ್ಲಿ ಅವನ ಹೆಂಡತಿ ಮಲಗಿದ್ದಳು.

ಬೀದಿಗೆಲ್ಲ ಅವಳು ಟೈಲರಕ್ಕ. ಹಿಂದಿನ ದಿನ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಯಾರದೋ ಅಂಗಿಯ ತೋಳನ್ನು ಅರ್ಧಕ್ಕೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಯಾಕೋ ಆಯಾಸ ಅಂತ ಗೋಡೆಗೆ ಒರಗಿದಳು. ಬಡಗಿ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳಬೇಕೆಂದು ಅವನಿಗೆ ಇನ್ನೂ ಅನ್ನಿಸಿರಲಿಲ್ಲ. ಪೆಟ್ಟಿಗೆ ಬಂದಾಗ ಮಾತ್ರ ಅದರ ಮೂಲೆಗಳಿಗೆ ಬರೀ ಮೊಳೆ ಹೊಡೆದಿರುವುದನ್ನು ನೋಡಿ, "ಇದೇನು, ಟೊಮೆಟೊ ತುಂಬೋ ಡಬ್ಬಾನಾ?" ಎಂದು ತಂದವನ ಮೇಲೆ ಹರಿಹಾಯ್ದಿದ್ದ. ಮಗಳು ಕೈಹಿಡಿದು ಆಚೆ ಕರೆದುಕೊಂಡು ಹೋಗಬೇಕಾಯಿತು. ಮಗಳು ಊರ ಬಸ್ಸು ಓಡಿಸುವವಳು. ಹಟ ಹಿಡಿದವರನ್ನು ಸಂಭಾಳಿಸುವುದು ಅವಳಿಗೆ ಹೊಸದಲ್ಲ.

ಹೊರಗಿನ ಬೆಂಚಿನ ಮೇಲೆ ಪಕ್ಕದ ಮನೆಯ ಮೇಷ್ಟ್ರು ಔಷಧಿ ಅಂಗಡಿಯವನಿಗೆ ದನಿ ತಗ್ಗಿಸಿ ಹೇಳುತ್ತಿದ್ದರು. ಅವರ ತಗ್ಗಿದ ದನಿ ಬೀದಿಯ ಆ ತುದಿಗೂ ಕೇಳುವಂಥದ್ದು.

"ಟೈಲರಕ್ಕ ಆ ಸಿನಿಮಾಕ್ಕೆ ಬಟ್ಟೆ ಹೊಲಿದಿದ್ರು, ಗೊತ್ತಾ ನಿಮಗೆ?"

"ಯಾವ ಸಿನಿಮಾ?"

"ಅದೇ ರೀ, ನೀಲಿ ಕೋಟಿನದು. ಹೀರೋಯಿನ್ನು ನೀರಲ್ಲಿ ಹೋದಳಲ್ಲ."

"ಓ, ಅದಾ. ಕೊನೇ ಸೀನು ಮುಗಿಸ್ಕೊಂಡು ಬರ್ತಾ ದೋಣಿ ಮಗುಚ್ತಂತೆ."

"ಹ್ಞೂಂ. ಆ ಸೀನು ಇನ್ನೊಂದ್ಸಲ ನೋಡಿ. ಮುಖ ತೋರಿಸೋದೇ ಇಲ್ಲ, ಬರೀ ಬೆನ್ನು. ದೋಣಿಕಟ್ಟೆ ಮೇಲೆ ನಡ್ಕೊಂಡು ಹೋಗಿ ತುದೀಲಿ ನಿಲ್ತಾಳೆ, ಅಷ್ಟೇ. ಪ್ರತಿ ಸಲ ನನಗೆ ಮೈ ಜುಂ ಅನ್ನುತ್ತೆ. ಸಾವು ಅಲ್ಲೇ ನೀರಲ್ಲಿ ಕೂತು ಕಾಯ್ತಾ ಇದೆ ಅಂತ ಆ ಬೆನ್ನಿಗೆ ಗೊತ್ತಿತ್ತು ಕಣ್ರೀ."

ಕೊನೆಗೂ ಸ್ಕ್ರೂ ಕಿತ್ತುಬಂತು. ಬಡಗಿ ಅದನ್ನು ತುಟಿಗಳ ನಡುವೆ ಕಚ್ಚಿಕೊಂಡ. ಬಾಯಲ್ಲಿ ಸ್ಕ್ರೂ ಇದ್ದವನು ಮಾತಾಡಬೇಕಾಗಿಲ್ಲ.

ಬಾಗಿಲು ಕಳಚಿ ಗೋಡೆಗೆ ಒರಗಿಸುವ ಹೊತ್ತಿಗೆ ಬೀದಿಯಲ್ಲಿ ದೊಡ್ಡ ಕಾರೊಂದು ಬಂದು ನಿಂತಿತು. ಕೋಲೂರಿಕೊಂಡು ಇಳಿದವರನ್ನು ಕಂಡು ಮೇಷ್ಟ್ರು ಎದ್ದೇ ನಿಂತರು. ನೀಲಿ ಕೋಟಿನ ಸಿನಿಮಾ ಮಾಡಿದ ಡೈರೆಕ್ಟರು ಅವರೇ. ಅವರು ಯಾರನ್ನೂ ನೋಡದೆ ಒಳಗೆ ಹೋಗಿ ಪೆಟ್ಟಿಗೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಬಡಗಿಯ ತೋಳು ಹಿಡಿದು, "ಸ್ವಲ್ಪ ಹಿಂದುಗಡೆ ಬಾ," ಎಂದರು.

ಹಿತ್ತಲಿನಲ್ಲಿ ಬಡಗಿಯ ಕೆಲಸದ ಮೇಜಿತ್ತು. ಡೈರೆಕ್ಟರು ಅದರ ಅಂಚಿಗೆ ಸೊಂಟ ಆನಿಸಿದರು.

"ಇವತ್ತು ಹೇಳಿಬಿಡ್ತೀನಿ," ಎಂದರು. "ಅಲ್ಲಿ ಚಿತಾಗಾರದ ಹಾಲಲ್ಲಿ, ಎಲ್ಲರ ಮುಂದೆ. ಇನ್ನು ನಾನೂ ಎಷ್ಟು ದಿನ?"

"ಬೇಡ ಸಾರ್."

"ಯಾಕೆ ಬೇಡ? ಜನ ನನ್ನನ್ನ ಹೊಗಳಿದ್ದೆಲ್ಲ ಆ ಒಂದು ಶಾಟಿಗೆ. ಅದನ್ನ ನಾನು ಮಾಡಿಸಲಿಲ್ಲ. ಬಾಯಿ ತೆರ್ಕೊಂಡು ನಿಂತಿದ್ದೆ, ಅಷ್ಟೇ. ಆ ಹೆಂಗಸು ಏನು ಮಾಡಿದಳು ಅಂತ ಈ ಬೀದಿಗಾದ್ರೂ ಗೊತ್ತಾಗಬೇಡವಾ?"

"ಮಾತು ಕೊಟ್ಟಿದ್ದು ನಿಮಗಲ್ಲ. ಹೀರೋಯಿನ್ನಿನ ಅಮ್ಮನಿಗೆ. ಅಮ್ಮ ಇನ್ನೂ ಇದ್ದಾರೆ."

ಡೈರೆಕ್ಟರು ಕೋಲಿನ ತುದಿಯಿಂದ ಮರದ ಹೊಟ್ಟನ್ನು ಕೆದಕಿದರು. "ಬರ್ತಾರಾ?"

"ಹೇಳಿ ಕಳಿಸಿದೀನಿ. ಹೊರಟಿದ್ದಾರಂತೆ."

ಹಿತ್ತಲ ಬಾಗಿಲಲ್ಲಿ ಮಗಳು ಎರಡು ಲೋಟ ಟೀ ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಾಗಲಿಲ್ಲ. ಲೋಟಗಳನ್ನು ಮೇಜಿನ ಮೇಲಿಟ್ಟು, ಅಪ್ಪನ ಮುಖ ಒಂದು ಸಲ ನೋಡಿ ಒಳಗೆ ಹೋದಳು.

* * *

ಆಗ ಅವರಿಗೆ ಮದುವೆಯಾದ ಹೊಸತು. ಇಬ್ಬರದೂ ಒಂದೇ ಸ್ಟುಡಿಯೋ. ಅವನು ಸೆಟ್ಟು ಕಟ್ಟುವವರ ಗುಂಪಿನಲ್ಲಿ, ಅವಳು ಬಟ್ಟೆ ಹೊಲಿಯುವ ಕೋಣೆಯಲ್ಲಿ. ನಾಯಕಿಗೂ ಅವಳಿಗೂ ಒಂದೇ ಎತ್ತರ, ಒಂದೇ ಮೈಕಟ್ಟು. ಹಾಗಾಗಿ ನಾಯಕಿಯ ಉಡುಪುಗಳನ್ನೆಲ್ಲ ಅವಳು ತಾನೇ ತೊಟ್ಟು ಸರಿಮಾಡುತ್ತಿದ್ದಳು. ನಾಯಕಿಗೂ ಅದೇ ಬೇಕಿತ್ತು. ಬಟ್ಟೆ ತೊಟ್ಟು ನೋಡುವ ಹೊತ್ತಿನಲ್ಲಿ ಆಕೆ ಹೊಲಿಗೆ ಕೋಣೆಯ ಮೂಲೆಯಲ್ಲಿ ಚಿಂದಿಗಳ ರಾಶಿಯ ಮೇಲೆ ಕೂತು ಎಲ್ಲರ ಊಟದ ಡಬ್ಬಿಗೂ ಕೈಹಾಕುತ್ತಿದ್ದಳು. "ನನ್ನ ದೇಹ ಅಲ್ಲಿ ಕೆಲಸ ಮಾಡ್ತಿದೆ, ಹೊಟ್ಟೆ ಮಾತ್ರ ಇಲ್ಲಿದೆ," ಎಂದು ನಗುತ್ತಿದ್ದಳು.

ನೀಲಿ ಕೋಟನ್ನು ದಪ್ಪ ಉಣ್ಣೆಯಲ್ಲಿ ಹೊಲಿದಿದ್ದಳು ಟೈಲರಕ್ಕ. ಸಿನಿಮಾದಲ್ಲಿ ಮುಖ್ಯ ಉಡುಪು ಯಾವಾಗಲೂ ಎರಡು ಇರುತ್ತದೆ, ಒಂದು ಹಾಳಾದರೆ ಇನ್ನೊಂದು ಇರಲಿ ಅಂತ. ಒಂದು ಕೋಟು ನಾಯಕಿಯ ಜೊತೆ ಸರೋವರಕ್ಕೆ ಹೋಯಿತು. ಇನ್ನೊಂದು ಗೂಟದಲ್ಲಿ ನೇತಾಡುತ್ತಿತ್ತು.

ಕೊನೆಯ ದೃಶ್ಯಕ್ಕೆಂದು ಬಡಗಿ ಮತ್ತು ಅವನ ಗುಂಪಿನವರು ನೀರಿನೊಳಕ್ಕೆ ಉದ್ದಕ್ಕೆ ಚಾಚುವ ಮರದ ದೋಣಿಕಟ್ಟೆ ಕಟ್ಟಿ ಮುಗಿಸಿದ್ದರು. ಅದರ ಮೇಲೆ ಚಿತ್ರೀಕರಣ ಶುರುವಾಗುವ ಮುಂಚೆ, ದೂರದಿಂದ ಕಟ್ಟೆ ಹೇಗೆ ಕಾಣುತ್ತದೆ ನೋಡೋಣವೆಂದು ನಾಯಕಿ ಕ್ಯಾಮೆರಾ ಸಹಾಯಕನ ಜೊತೆ ದೋಣಿ ಹತ್ತಿದಳು. ಕೋಟು ತೊಟ್ಟೇ ಹತ್ತಿದಳು, ಚಳಿಯಿತ್ತು. ಬೆಟ್ಟದ ಕಡೆಯಿಂದ ಗಾಳಿ ಒಮ್ಮೆಲೇ ಎದ್ದು ಬಂತು. ದಡದಲ್ಲಿದ್ದವರೆಲ್ಲ ನೋಡುತ್ತಿದ್ದ ಹಾಗೇ ದೋಣಿ ಮಗುಚಿತು. ಬಡಗಿಯೂ ನೀರಿಗೆ ಹಾರಿದವರಲ್ಲಿ ಒಬ್ಬ. ಅವರ ಕೈಗೆ ಸಿಕ್ಕಿದ್ದು ದೋಣಿ ಮಾತ್ರ. ಇಬ್ಬರನ್ನೂ ಸಂಜೆ ಹೊತ್ತಿಗೆ ಮೇಲೆತ್ತಿದರು.

ಆವತ್ತಿನಿಂದ ಟೈಲರಕ್ಕ ಊಟದ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಒಂದು ದಿನ ಗಂಡನಿಗೆ ಹೇಳಿದಳು: "ಉಣ್ಣೆ ನೀರು ಕುಡಿದ್ರೆ ಎಷ್ಟು ಭಾರ ಆಗುತ್ತೆ ಗೊತ್ತಾ ನಿಮಗೆ? ನನಗೆ ಗೊತ್ತು."

ಸಿನಿಮಾ ನಿಂತುಹೋಯಿತು. ಉಳಿದದ್ದು ಆ ಕೊನೆಯ ದೃಶ್ಯವೊಂದೇ. ಹಣ ಹಾಕಿದವರು ನಾಯಕಿಯ ಬದಲಿಗೆ ಯಾರನ್ನಾದರೂ ಬೆನ್ನು ತೋರಿಸಿ ನಡೆಸಿ ಮುಗಿಸಿ ಎಂದರು. ನೃತ್ಯದ ಹುಡುಗಿಯರು ಬಂದು ನಡೆದು ತೋರಿಸಿದರು. ಡೈರೆಕ್ಟರು ನೋಡಲಾರದೆ ಎದ್ದುಹೋದರು. ಆಮೇಲೊಂದು ಮಧ್ಯಾಹ್ನ ಟೈಲರಕ್ಕ ಗೂಟದಲ್ಲಿದ್ದ ಕೋಟಿನ ಅಂಚು ಬಿಚ್ಚಬೇಕಾಗಿ ಬಂದು, ಅಭ್ಯಾಸಬಲದಿಂದ ಅದನ್ನು ತೊಟ್ಟುಕೊಂಡು, ಬೆಳಕಿಗೆಂದು ಮೊಗಸಾಲೆಯ ತುದಿಗೆ ನಡೆದಳು. ಮೆಟ್ಟಿಲು ಹತ್ತಿ ಬರುತ್ತಿದ್ದ ಡೈರೆಕ್ಟರು ಹಿಂದಿನಿಂದ ಅದನ್ನು ಕಂಡರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಕೊನೆಯ ದೃಶ್ಯದಲ್ಲಿ ನೀನೇ ನಡೆಯುತ್ತೀಯಾ ಎಂದು ಅವರು ಕೇಳಿದಾಗ ಟೈಲರಕ್ಕ ಹೇಳಿದ್ದು ಒಂದೇ ಮಾತು. "ಅವರ ತಾಯಿ ಹ್ಞೂಂ ಅಂದ್ರೆ."

* * *

ನಾಯಕಿಯ ತಾಯಿಯ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ತಾಯಿಗೆ ಆಗಿನ್ನೂ ತಲೆ ನರೆತಿರಲಿಲ್ಲ. ಗಂಡನಿಲ್ಲದೆ ಒಬ್ಬಳೇ ಮಗಳನ್ನು ಸಾಕಿದವರು. ಬಾಗಿಲು ಅರ್ಧ ತೆರೆದು, ಯಾರು ಅಂತ ಕೇಳಿದರು.

"ನಾನು ಕೋಟು ಹೊಲಿದವಳು ಅಮ್ಮ." ಇಷ್ಟು ಹೇಳಿ ಟೈಲರಕ್ಕ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. "ಅದು ಭಾರ ಇತ್ತು ಅಮ್ಮ."

ತಾಯಿ ಬಾಗಿಲನ್ನು ಪೂರ್ತಿ ತೆರೆದರು. "ಅವಳಿಗೆ ಈಜು ಬರ್ತಿರಲಿಲ್ಲ," ಎಂದರು. "ರೇಷ್ಮೆ ತೊಟ್ಟಿದ್ರೂ ಮುಳುಗ್ತಿದ್ಲು. ಒಳಗೆ ಬಾ."

ಬಂದ ಕೆಲಸ ಹೇಳಿದಾಗ ಮಾತ್ರ ಆಕೆಯ ಮುಖ ಬಿಗಿಯಿತು. "ನನ್ನ ಮಗಳು ಸತ್ತಿದಾಳೆ. ಪೂರ್ತಿ ಸತ್ತಿದಾಳೆ. ಅವರ ಸಿನಿಮಾಕ್ಕೋಸ್ಕರ ಇನ್ನೊಂದು ಸ್ವಲ್ಪ ಬದುಕಿರಬೇಕಾ?"

"ಹಾಗಾದ್ರೆ ಬೇಡ ಅಮ್ಮ. ನಾನು ಮಾಡಲ್ಲ." ಟೈಲರಕ್ಕ ಎದ್ದಳು. ಆ ಮನೆಯಲ್ಲಿ ಕೂರುವ ಕೋಣೆಯಿಂದ ಬಾಗಿಲಿಗೆ ಉದ್ದನೆಯ ಮೊಗಸಾಲೆಯಿತ್ತು. ಅವಳು ಅದರ ಮಧ್ಯಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಿಲ್ಲು."

ನಿಂತಳು.

"ತಿರುಗಬೇಡ. ಹಾಗೇ ನಡಿ." ನಾಲ್ಕು ಹೆಜ್ಜೆ ನೋಡಿ, "ಹಾಗಲ್ಲ. ಅವಳು ಹಾಗೆ ನಡೀತಿರಲಿಲ್ಲ."

ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಲು ಹೋದ ಬಡಗಿ ಒಂದು ಕಾಲಲ್ಲೇ ನಿಂತುಬಿಟ್ಟ.

"ಬಲಗಾಲು ಒಳಕ್ಕೆ ಇಡ್ತಿದ್ಲು," ತಾಯಿ ಹೇಳಿದರು. "ಮಗುವಾಗಿದ್ದಾಗ ಮೆಟ್ಟಿಲಿಂದ ಬಿದ್ಲು. ಮತ್ತೆ ನಡೆಯೋದು ನಾನೇ ಕಲಿಸಿದ್ದು, ಇದೇ ಜಾಗದಲ್ಲಿ, ಗೋಡೆ ಹಿಡಿಸಿ. ಒಳಕ್ಕೆ. ಇನ್ನೂ ಸ್ವಲ್ಪ. ಅಷ್ಟೊಂದಲ್ಲ, ಕುಂಟಿಯಲ್ಲ ಅವಳು. ಹಾಂ. ಹೆಗಲು ಬಿಡು. ಯಾರ ಮನೇಗೆ ಹೋದ್ರೂ ತನ್ನದೇ ಮನೆ ಅನ್ನೋ ಹಾಗೆ ಹೋಗೋಳು."

ಆ ದಿನ ಮಾತ್ರವಲ್ಲ, ಮುಂದೆ ಎಷ್ಟೋ ದಿನ ಅವರು ಹೋದರು. ಬಡಗಿ ಹೊಸಿಲಲ್ಲಿ ಕೂತು ನೋಡುತ್ತಿದ್ದ. ತಾಯಿ ಒಂದು ಮಣೆಯ ಮೇಲೆ ಕೂತಿರುತ್ತಿದ್ದರು. ಟೈಲರಕ್ಕ ಮೊಗಸಾಲೆಯ ಕೊನೆ ಮುಟ್ಟಿದ ಕೂಡಲೇ ತಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವಳು ವಾಪಸು ಬಂದು ಮೊದಲಿನ ಜಾಗದಲ್ಲಿ ಆ ಕಡೆ ತಿರುಗಿ ನಿಂತು, "ಬಂದೆ ಅಮ್ಮ," ಅಂದ ಮೇಲೆಯೇ ತೆರೆಯುತ್ತಿದ್ದರು.

ಒಪ್ಪಿಗೆ ಕೊಟ್ಟ ದಿನ ಒಂದು ಮಾತು ತೆಗೆದುಕೊಂಡರು. "ಅದು ಅವಳೇ ಅಂತ ಜನ ನಂಬಲಿ. ನೀನು ಅಂತ ಹೊರಗೆ ಯಾರಿಗೂ ಗೊತ್ತಾಗಬಾರದು. ನಿನ್ನ ಮಕ್ಕಳಿಗೂ."

"ಇಲ್ಲ ಅಮ್ಮ," ಎಂದಳು ಟೈಲರಕ್ಕ. ಆಗ ಅವಳಿಗಿನ್ನೂ ಮಕ್ಕಳಿರಲಿಲ್ಲ.

* * *

ಚಿತ್ರೀಕರಣದ ದಿನ ನೀರು ಕನ್ನಡಿಯ ಹಾಗೆ ನಿಂತಿತ್ತು. ಅಷ್ಟು ದಿನ ಬಳಕೆಯಿಲ್ಲದೆ ದೋಣಿಕಟ್ಟೆಯ ತುದಿಯ ಹತ್ತಿರದ ಒಂದು ಕಂಬ ಸಡಿಲಾಗಿತ್ತು. ಸರಿಮಾಡಲು ಹೊತ್ತಿರಲಿಲ್ಲ, ಬೆಳಕು ಹೋಗಿಬಿಡುತ್ತದೆ ಎಂದು ಅವಸರ. ಬಡಗಿ ಸೊಂಟಮಟ್ಟ ನೀರಿಗಿಳಿದು, ಹಲಗೆಗಳ ಅಡಿಯಲ್ಲಿ ಹೆಗಲು ಕೊಟ್ಟು ನಿಂತ.

ಹಾಗಾಗಿ ಲೋಕವೆಲ್ಲ ನೋಡಿದ ಆ ನಡಿಗೆಯನ್ನು ಅವನು ಕೆಳಗಿನಿಂದ ನೋಡಿದ. ಹಲಗೆಗಳ ಸಂದಿಯಲ್ಲಿ ಆಕಾಶದ ಪಟ್ಟಿಗಳು. ದೂರದಲ್ಲಿ ಬರಿಗಾಲಿನ ಹೆಜ್ಜೆಯ ಸದ್ದು ಶುರುವಾಯಿತು. ಹೆಂಡತಿಯ ಹೆಜ್ಜೆ ಅವನಿಗೆ ಗೊತ್ತು. ಪಕ್ಕದ ಕೋಣೆಯಲ್ಲಿ ಅವಳು ಎದ್ದರೆ ನೀರಿಗೋ ಸೂಜಿಗೋ ಅಂತ ಹೇಳಬಲ್ಲವನು. ತಲೆಯ ಮೇಲೆ ಬರುತ್ತಿದ್ದದ್ದು ಅದಲ್ಲ. ಒಂದು ಗಟ್ಟಿ, ಒಂದು ಸ್ವಲ್ಪ ಹಗುರ. ಯಾವ ಆತುರವೂ ಇಲ್ಲ, ತನ್ನದೇ ಮನೆಗೆ ಹೋಗುವವಳ ಹಾಗೆ. ಚಿಂದಿಗಳ ರಾಶಿಯಿಂದ ಎದ್ದು ಕೈಕೊಡವಿಕೊಂಡು ಹೋಗುತ್ತಿದ್ದ ಆ ಹೆಣ್ಣಿನ ಹೆಜ್ಜೆ. ಪಾದಗಳು ಅವನ ತಲೆಯ ಮೇಲೆಯೇ ಹಾದುಹೋದವು. ಅವು ಯಾರವೆಂದು ಕೇಳಿದ್ದರೆ ಆ ಗಳಿಗೆಯಲ್ಲಿ ಅವನು ಹೆಂಡತಿಯವು ಎನ್ನುತ್ತಿರಲಿಲ್ಲ.

ಹೆಜ್ಜೆ ಕೊನೆಯ ಹಲಗೆಯಲ್ಲಿ ನಿಂತಿತು. ಅಲ್ಲಿ ನಿಂತು ನೀರನ್ನು ನೋಡಬೇಕು, ಅಷ್ಟೇ ದೃಶ್ಯ.

ಆಗ ದಡದಿಂದ, ಕ್ಯಾಮೆರಾದ ಹಿಂದಿನಿಂದ, ಒಂದು ಕೂಗು ಬಂತು.

"ಗುಬ್ಬೀ."

ನಾಯಕಿಯ ಮನೆಯ ಹೆಸರು ಅದು. ತಾಯಿ ಬಂದು ದೂರದಲ್ಲಿ ಕೂತಿದ್ದರು. ಕೂಗಬೇಕೆಂದು ಬಂದಿರಲಿಲ್ಲ, ಎದ್ದು ನಿಂತಿದ್ದೂ ಆಕೆಗೆ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ಸಂಜೆ ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ, ಕೊನೆಯ ಅಕ್ಷರವನ್ನು ಎಳೆದು ಕರೆದರು.

ಡೈರೆಕ್ಟರು ನಿಲ್ಲಿಸಿ ಅನ್ನಲಿಲ್ಲ. ಬಡಗಿ ಸಂದಿಯಲ್ಲಿ ಕಂಡದ್ದು ಇಷ್ಟು: ಆ ಪಾದಗಳ ಬೆರಳುಗಳು ಹಲಗೆಯನ್ನು ಹಕ್ಕಿ ಕೊಂಬೆ ಹಿಡಿಯುವ ಹಾಗೆ ಬಿಗಿಯಾಗಿ ಒತ್ತಿ ಹಿಡಿದವು. ಬಲಗಾಲಿನ ಹಿಮ್ಮಡಿ ಒಂದಿಷ್ಟು ಮೇಲೆದ್ದಿತು, ಇನ್ನೇನು ತಿರುಗುತ್ತಾಳೆ ಅನ್ನುವಂತೆ. ಎದ್ದದ್ದು ನಿಧಾನವಾಗಿ ಕೆಳಗಿಳಿಯಿತು. ತಿರುಗಲಿಲ್ಲ.

ಕ್ಯಾಮೆರಾದಲ್ಲಿದ್ದ ಸುರುಳಿ ಮುಗಿಯುವವರೆಗೂ ಅದು ಓಡುತ್ತಲೇ ಇತ್ತು.

ಸಿನಿಮಾದಲ್ಲಿ ಆ ಕೂಗು ಇಲ್ಲ. ಹೆಗಲು ಸಣ್ಣಗೆ ನಡುಗುವುದು ಮಾತ್ರ ಇದೆ. ಅದನ್ನು ನೋಡಿ ಊರೂರುಗಳಲ್ಲಿ ಜನ ಸೀಟಿನಿಂದ ಏಳದೆ ಕೂತಿದ್ದರು.

ಬಸ್ಸಿನಲ್ಲಿ ವಾಪಸು ಬರುವಾಗ ಬಡಗಿ ಕೇಳಿದ. "ಅಮ್ಮ ಕರೆದಾಗ ಯಾಕೆ ತಿರುಗಲಿಲ್ಲ?"

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. "ತಿರುಗಿದ್ರೆ ನಾನಿರ್ತಿದ್ದೆ," ಎಂದಳು.

* * *

ಬಾಡಿಗೆ ಕಾರಿನಿಂದ ಇಬ್ಬರು ಹಿಡಿದು ಇಳಿಸಿದ ಮುದುಕಿ ಆ ನಾಯಕಿಯ ತಾಯಿಯೆಂದು ಬೀದಿಯವರು ಯಾರೂ ಗುರುತಿಸಲಿಲ್ಲ. ಮಗಳಿಗೆ ಅವರು ದೂರದ ಊರಿನ ಒಬ್ಬ ಹಳೆಯ ಗಿರಾಕಿ. ಅಮ್ಮ ವರ್ಷದಲ್ಲಿ ಕೆಲವು ಸಲ ಬೆಳಗಿನ ಬಸ್ಸಿಗೆ ಹೋಗಿ, "ಅವರದೊಂದು ಹೊಲಿಗೆ ಇತ್ತು" ಅಂತ ಸಂಜೆಗೆ ಬರುತ್ತಿದ್ದುದು ಅವಳಿಗೆ ಗೊತ್ತಿತ್ತು. ಆ ಹೊಲಿಗೆ ಯಾವಾಗಲೂ ಮುಗಿಯದೇ ಇರುತ್ತಿದ್ದುದು ಮನೆಯಲ್ಲೊಂದು ತಮಾಷೆಯಾಗಿತ್ತು.

ಬಾಗಿಲಿಲ್ಲದ ಚೌಕಟ್ಟು ದಾಟಿ ಮುದುಕಿ ಒಳಗೆ ಬಂದರು. ಡೈರೆಕ್ಟರು ಎದ್ದು ನಿಂತರು. ಆಕೆ ಅವರಿಗೆ ತಲೆಯಾಡಿಸಿ ಪೆಟ್ಟಿಗೆಯ ಕಡೆ ಹೋದರು.

"ಕೂತ್ಕೊಳ್ಳಿ ಅಜ್ಜಿ, ಕುರ್ಚಿ ತರ್ತೀನಿ," ಎಂದು ಮಗಳು ಒಳಕೋಣೆಯ ಕಡೆ ನಡೆದಳು.

ಮುದುಕಿಯ ಕೈ ಬಡಗಿಯ ಮಣಿಕಟ್ಟನ್ನು ಗಕ್ಕನೆ ಹಿಡಿದುಕೊಂಡಿತು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲವಿರಬಹುದೆಂದು ಅವನು ಎಣಿಸಿರಲಿಲ್ಲ.

"ಅದು ಯಾರು?"

"ನನ್ನ ಮಗಳು ಅಮ್ಮ. ಕೈಗೂಸಾಗಿದ್ದಾಗ ತೋರಿಸೋಕೆ ಕರ್ಕೊಂಡು ಬಂದಿದ್ವಲ್ಲ."

"ಆವಾಗ ಮುಖ ನೋಡಿದ್ದೆ." ಮುದುಕಿಯ ಕಣ್ಣು ಒಳಕೋಣೆಯ ಬಾಗಿಲಲ್ಲೇ ನಿಂತಿತ್ತು. "ನಡೆಯೋದು ನೋಡಿರಲಿಲ್ಲ."

ಬಡಗಿ ಆಕೆಯ ಕಿವಿಯ ಹತ್ತಿರಕ್ಕೆ ಬಗ್ಗಿದ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದು ಹೇಗೆ ಹೊರಬರಬೇಕೆಂದು ಗೊತ್ತಾಗದೆ ಒಮ್ಮೆಲೇ ಬಂದುಬಿಟ್ಟಿತು.

"ಅವಳಿಗೆ ಆ ನಡಿಗೆ ಮತ್ತೆ ಹೋಗಲೇ ಇಲ್ಲ ಅಮ್ಮ. ಬಿಟ್ಟುಬಿಟ್ಟೆ ಅಂದ್ಕೊಂಡಿದ್ಲು. ಮನೇಲಿ ಮೈಮರೆತು ಓಡಾಡುವಾಗ ಬಂದುಬಿಡೋದು. ಮಗು ಅದನ್ನೇ ನೋಡಿ ನಡೆಯೋದು ಕಲೀತು. ಶಾಲೇಲಿ ಬಾತುಕೋಳಿ ಅಂತ ಕರೀತಾರೆ ಅಂತ ಅಳ್ತಿತ್ತು. ಡಾಕ್ಟರಿಗೆ ತೋರಿಸಿದ್ವಿ. ಮೂಳೆಯೆಲ್ಲ ನೆಟ್ಟಗಿದೆ, ಯಾರನ್ನೋ ನೋಡಿ ಕಲ್ತಿದೆ ಅಂದ್ರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ನೆ ಬಂದ್ವಿ."

"ನನಗೆ ಯಾಕೆ ಹೇಳಲಿಲ್ಲ ಅವಳು?"

"ಭಯ ಅಮ್ಮ. ನಿಮ್ಮನೇದನ್ನ ಕದ್ದು ತಂದು ನಮ್ಮನೇಲಿ ಬೆಳೆಸಿದ ಹಾಗೆ ಅನ್ನಿಸ್ತಿತ್ತಂತೆ."

ಕುರ್ಚಿ ನೆಲಕ್ಕೆ ತಾಗಿದ ಸದ್ದಾಯಿತು. ಮಗಳು ಅದರ ಬೆನ್ನು ಹಿಡಿದು ನಿಂತಿದ್ದಳು.

"ಏನನ್ನ ಕದ್ದಿದ್ದು ಅಪ್ಪ?" ಎಂದಳು. "ಡೈರೆಕ್ಟರು ಹಿತ್ತಲಲ್ಲಿ ಏನೋ ಹೇಳ್ತೀನಿ ಅಂತಿದ್ರು. ನೀನು ಬೇಡ ಅಂತಿದ್ದೆ. ನನ್ನ ಅಮ್ಮನ ವಿಷಯ ನನಗೊಬ್ಬಳಿಗೆ ಗೊತ್ತಿಲ್ಲ, ಅಲ್ವಾ?"

ಉತ್ತರ ಕೊಟ್ಟದ್ದು ಮುದುಕಿ. "ಅವನಿಗೆ ಬಾಯಿ ಕಟ್ಟಿಹಾಕಿದವಳು ನಾನು. ಬಾ ಇಲ್ಲಿ, ಕೂತ್ಕೋ."

ಮುದುಕಿ ಮೆಲುದನಿಯಲ್ಲಿ, ಏನನ್ನೂ ಬಣ್ಣಿಸದೆ, ಯಾರದೋ ಮನೆಯ ಸುದ್ದಿ ಹೇಳುವಂತೆ ಎಲ್ಲ ಹೇಳಿದರು. ಗಾಳಿ, ದೋಣಿ, ಮೊಗಸಾಲೆ, ತಾನು ಕರೆದದ್ದು, ಅವಳು ತಿರುಗದೇ ಇದ್ದದ್ದು. ಹೊರಗಿನ ಬೆಂಚಿನಲ್ಲಿ ಮೇಷ್ಟ್ರು ಇನ್ನೂ ಯಾರಿಗೋ ಸಿನಿಮಾದ ಕತೆ ಹೇಳುತ್ತಿರುವುದು ಕೇಳುತ್ತಿತ್ತು.

ಮಗಳು ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟು ಅಮ್ಮನ ಮುಖವನ್ನು ಹೊಸದಾ‌ಗಿ ನೋಡುವವಳಂತೆ ನೋಡಿದಳು.

"ಆ ಸಿನಿಮಾನ ನಾನು ಅಮ್ಮನ ಪಕ್ಕದಲ್ಲೇ ಕೂತು ನೋಡಿದೀನಿ," ಎಂದಳು. "ಟೀವಿಯಲ್ಲಿ ಬಂದಿತ್ತು. ಕೊನೇಲಿ ನಾನು ಬಿಕ್ಕಿ ಬಿಕ್ಕಿ ಅಳ್ತಿದ್ದೆ. ಅಮ್ಮ ಗುಂಡಿ ಹಾಕ್ತಾ ಕೂತಿದ್ಲು. ಹಲ್ಲಲ್ಲಿ ದಾರ ಕಚ್ಚಿ ತುಂಡು ಮಾಡಿ, 'ಅಳಬೇಡ, ಅವಳಿಗೆ ಭಯ ಆಗಲಿಲ್ಲ' ಅಂದ್ಲು. ನಿನಗೆ ಹೇಗೆ ಗೊತ್ತು ಅಂತ ನಾನು ಕೇಳಲೇ ಇಲ್ಲ."

"ಅವಳಿಗೆ ಭಯ ಆಗಲಿಲ್ಲವಂತಾ?" ಮುದುಕಿ ಕೇಳಿದರು. ಯಾವುದೋ ಹಳೆಯ ಪ್ರಶ್ನೆಯ ಉತ್ತರಕ್ಕೆ ಕಾದಿದ್ದವರ ಹಾಗೆ ಕೇಳಿದರು.

"ಹಾಗಂದ್ಲು ಅಜ್ಜಿ."

ಮುದುಕಿ ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ ತಟ್ಟನೆ, "ಒಂದ್ಸಲ ಬಾಗಿಲ ತನಕ ನಡೀತೀಯಾ?" ಎಂದರು.

ಬಾತುಕೋಳಿ ಅನ್ನಿಸಿಕೊಂಡು ಬೆಳೆದವಳು, ನಾಲ್ಕು ಜನರ ಎದುರು ನಡೆಯಬೇಕಾದರೆ ಗೋಡೆ ಪಕ್ಕ ಸರಿಯುವವಳು, ಎದ್ದಳು. ಹೆಗಲು ಬಿಟ್ಟು, ಆತುರವಿಲ್ಲದೆ, ಬಲಗಾಲನ್ನು ತನಗೆ ಬಂದ ಹಾಗೆ ಇಡುತ್ತ, ಬಾಗಿಲಿಲ್ಲದ ಚೌಕಟ್ಟಿನ ಬೆಳಕಿನ ಕಡೆಗೆ ನಡೆದಳು. ಡೈರೆಕ್ಟರು ಕೋಲನ್ನು ಎದೆಗೆ ಒತ್ತಿ ಹಿಡಿದಿದ್ದರು. ಬಡಗಿಗೆ ಆಗ ಮೊದಲ ಸಲ ಅಳು ಬಂತು.

ತುದಿ ಮುಟ್ಟಿ ಅವಳು ತಿರುಗಿದಳು. ಮುದುಕಿ ಈ ಸಲ ಕಣ್ಣು ಮುಚ್ಚಲಿಲ್ಲ.

* * *

ಚಿತಾಗಾರದ ಹಾಲಿನಲ್ಲಿ ಸುಣ್ಣದ ಗೋಡೆ, ಸಾಲು ಕುರ್ಚಿ, ಎದುರಿಗೆ ಉಕ್ಕಿನ ಬಾಗಿಲು. ಪೆಟ್ಟಿಗೆಯನ್ನು ಗಾಲಿಯಿದ್ದ ಉದ್ದನೆಯ ಹಲಗೆಯ ಮೇಲಿಟ್ಟರು. ಮುಚ್ಚಳ ಇರಲಿಲ್ಲ. ಬೀದಿಯವರೆಲ್ಲ ಬಂದಿದ್ದರು, ಟೈಲರಕ್ಕ ಅಳತೆ ತೆಗೆದುಕೊಳ್ಳದ ಮೈ ಆ ಹಾಲಿನಲ್ಲಿ ಹೆಚ್ಚಿರಲಿಲ್ಲ.

ಡೈರೆಕ್ಟರು ಮುಂದಿನ ಸಾಲಿನಿಂದ ಎದ್ದು ಗಂಟಲು ಸರಿಮಾಡಿಕೊಂಡರು. ಜನ ಅವರತ್ತ ತಿರುಗಿದರು. ಅವರು ಮುದುಕಿಯನ್ನು ನೋಡಿದರು. ಆಕೆ ಬೇಡ ಎನ್ನಲಿಲ್ಲ, ಹ್ಞೂಂ ಎಂದೂ ಅನ್ನಲಿಲ್ಲ.

"ಈ ತಾಯಿ..." ಎಂದು ಶುರುಮಾಡಿದ ಡೈರೆಕ್ಟರಿಗೆ ಮುಂದಿನ ಮಾತು ಹೊಳೆಯಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಮಾತು ಹೇಳಿಕೊಟ್ಟವರು ಕೈಮುಗಿದು ಕೂತುಬಿಟ್ಟರು.

ಅಲ್ಲಿನ ಕೆಲಸಗಾರ ಮುಂದೆ ಬಂದ. "ತೀರಾ ಹತ್ತಿರದವರು ಮಾತ್ರ ಬನ್ನಿ."

ಬಡಗಿ ಎದ್ದ, ಮಗಳು ಎದ್ದಳು, ಬಾಮೈದ ಎದ್ದ. ಮುದುಕಿಯೂ ಕುರ್ಚಿಯ ಕೈ ಹಿಡಿದು ಎದ್ದರು.

ಕೆಲಸಗಾರ ಮೆತ್ತಗೆ ಅಡ್ಡ ಬಂದ. "ಅಜ್ಜಿ, ನೀವು ಇವರಿಗೆ ಏನಾಗಬೇಕು?"

"ತಾಯಿ," ಎಂದರು ಮುದುಕಿ.

ಬಾಮೈದ ಬೆಕ್ಕಸಬೆರಗಾಗಿ ಭಾವನ ಮುಖ ನೋಡಿದ. ತನ್ನ ತಾಯಿಯನ್ನು ಮಣ್ಣು ಮಾಡಿ ಬಂದವನು ಅವನೇ. ಬಡಗಿ ಅವನ ಭುಜದ ಮೇಲೆ ಕೈಯಿಟ್ಟ. ಕೆಲಸಗಾರ ದಾರಿ ಬಿಟ್ಟ.

ಮೇಷ್ಟ್ರು ತಮ್ಮ ಪಕ್ಕದವರ ಕಿವಿಯಲ್ಲಿ ಏನನ್ನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದರು.

ಉಕ್ಕಿನ ಬಾಗಿಲು ತೆರೆಯಿತು. ಕೆಲಸಗಾರರಿಬ್ಬರು ಹಲಗೆಯ ತುದಿಗೆ ಕೈಯಿಟ್ಟರು. ಅಲ್ಲಿಯ ಪದ್ಧತಿಯಂತೆ ಕಾಲು ಬಾಗಿಲ ಕಡೆಗಿತ್ತು. ತಲೆ ಜನರ ಕಡೆ. ನಿಂತವರಿಗೆ ಕಾಣುತ್ತಿದ್ದದ್ದು ಬಾಚಿ ಕಟ್ಟಿದ ಬಿಳಿಯ ಕೂದಲು ಮಾತ್ರ.

"ತಡೀರಿ," ಎಂದರು ಮುದುಕಿ. "ಅವಳನ್ನ ಈ ಕಡೆ ತಿರುಗಿಸಿ."

"ಅಜ್ಜಿ, ಇಲ್ಲಿ ಯಾವಾಗ್ಲೂ ಹೀಗೇನೇ..."

"ತಿರುಗಿಸಿ ಅಪ್ಪ. ಮುಖ ಕಾಣಬೇಕು."

ಕೆಲಸಗಾರ ಬಡಗಿಯನ್ನು ನೋಡಿದ. ಬಡಗಿ ಆಗಲೇ ಹಲಗೆಯ ಒಂದು ಮೂಲೆಗೆ ಕೈಹಾಕಿದ್ದ. ಮಗಳು ಇನ್ನೊಂದು ಮೂಲೆ ಹಿಡಿದಳು, ಬಾಮೈದ ಮತ್ತೊಂದು. ಕೋಲನ್ನು ಕುರ್ಚಿಗೆ ಒರಗಿಸಿ ಡೈರೆಕ್ಟರೂ ಬಂದರು. ಗಾಲಿಗಳು ಕಿರುಗುಟ್ಟುತ್ತ, ಇಕ್ಕಟ್ಟಿನಲ್ಲಿ ನಿಧಾನವಾಗಿ ಒಂದು ಅರ್ಧ ಸುತ್ತು ಬಂದವು. ಬಡಗಿ ತನ್ನ ಮೇಲಂಗಿಯನ್ನು ಬಿಚ್ಚಿ ಮಡಚಿ ಹೆಂಡತಿಯ ತಲೆಯ ಕೆಳಗೆ ಇಟ್ಟ. ಮುಖ ಒಂದಿಷ್ಟು ಎತ್ತರಕ್ಕೆ ಬಂತು.

ಹಲಗೆ ಹಿಂದಕ್ಕೆ ಸರಿಯತೊಡಗಿತು. ಕೆನ್ನೆಯ ಮೇಲಿನ ಮಚ್ಚೆ, ದಾರ ಕಚ್ಚಿ ಕಚ್ಚಿ ಸವೆದ ಮುಂಬಲ್ಲು ಚೂರು ಕಾಣುವ ತುಟಿ, ಹುಬ್ಬಿನ ನಡುವಿನ ಗೆರೆ, ಎಲ್ಲವನ್ನೂ ಜನರ ಕಡೆಗೆ ತೋರುತ್ತಲೇ ಅವಳು ದೂರ ಹೋದಳು. ಮುದುಕಿ ಕುತ್ತಿಗೆ ಮುಂದೆ ಚಾಚಿ, ರೆಪ್ಪೆ ಬಡಿಯದೆ, ಬಾಗಿಲು ಅಂಗೈಯಗಲವಾಗಿ, ಬೆರಳಗಲವಾಗಿ, ಗೆರೆಯಾಗಿ ಮುಚ್ಚುವವರೆಗೂ ಆ ಮುಖವನ್ನೇ ನೋಡಿದರು.